ತಂತಿಯ ಆಚೆ ತಜ್ಞ, ಈಚೆ ಮುರಿದ ಮೂಳೆ

ಒಂದು ಸಣ್ಣ ಊಹೆಯಿಂದ ಆರಂಭಿಸೋಣ. ಜುಲೈ ತಿಂಗಳು. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನ ಅಂಚಿನ ಒಂದು ಹಳ್ಳಿ. ಆರು ವರ್ಷದ ಹುಡುಗ ಪಾಚಿಗಟ್ಟಿದ ಅಂಗಳದಲ್ಲಿ ಜಾರುತ್ತಾನೆ. ಬೀಳುವಾಗ ನಾವೆಲ್ಲ ಮಾಡುವಂತೆ ಅವನೂ ಅಂಗೈಯನ್ನು ನೆಲಕ್ಕೆ ಊರುತ್ತಾನೆ. ಮೊಣಕೈ ಬಾತುಕೊಳ್ಳುತ್ತದೆ. ಮನೆಯವರು ಬಿದಿರ ದಬ್ಬೆ ಇಟ್ಟು ಬಿಗಿಯಾಗಿ ಬಟ್ಟೆ ಸುತ್ತುತ್ತಾರೆ. ಹೊರಗೆ ಮಳೆ, ಹಳ್ಳ ತುಂಬಿದೆ. ಖಾನಾಪುರ ತಲುಪುವುದೇ ಕಷ್ಟ. ಅಲ್ಲಿಂದ ಬೆಳಗಾವಿ ಇನ್ನೂ ಸುಮಾರು 26 ಕಿಲೋಮೀಟರ್. ಮನೆಯಲ್ಲಿ ಒಂದು ಮೊಬೈಲ್ ಇದೆ. ಗುಡ್ಡದ ಮೇಲೆ ಹತ್ತಿದರೆ ಅದಕ್ಕೆ ಸಂಕೇತವೂ ಸಿಗುತ್ತದೆ.

ಈಗ ಪ್ರಶ್ನೆ: ಆ ಮೊಬೈಲ್ ಹುಡುಗನ ಕೈಯನ್ನು ಉಳಿಸಬಲ್ಲುದೆ?

'ಹೌದು' ಎನ್ನುವವರು ಬಹಳ. ತಜ್ಞ ವೈದ್ಯರು ಹಳ್ಳಿಗೆ ಬರಲಾರರು, ಆದರೆ ಅವರ ಜ್ಞಾನ ತಂತಿಯ ಮೇಲೆ, ಉಪಗ್ರಹದ ಮೂಲಕ, ಗಾಳಿಯಲ್ಲಿ ಬರಬಲ್ಲುದು ಎಂಬ ಮಾತನ್ನು ನಾವು ಇಪ್ಪತ್ತೈದು ವರ್ಷಗಳಿಂದ ಕೇಳುತ್ತಿದ್ದೇವೆ. ದೂರವೈದ್ಯ ಅಥವಾ ಟೆಲಿಮೆಡಿಸಿನ್ ಎಂದರೆ ಇದೇ. 'ಇಲ್ಲ' ಎನ್ನುವವರೂ ಇದ್ದಾರೆ. ಮೂಳೆ ಮುರಿದರೆ ಬೇಕಾದದ್ದು ಕೈ, ಮಾತಲ್ಲ ಎಂಬುದು ಅವರ ವಾದ. ಈ ಎರಡು ಉತ್ತರಗಳೂ ಅರ್ಧ ಸತ್ಯ ಎಂಬುದು ಈ ಲೇಖನದ ನಿಲುವು. ಯಾವ ಅರ್ಧ ಎಲ್ಲಿ ಸತ್ಯ ಎಂಬುದನ್ನು ನೀವೂ ನನ್ನೊಡನೆ ಪರೀಕ್ಷಿಸಿ ನೋಡಿ.

ಹೃದಯದಿಂದ ಆರಂಭವಾದ ಕತೆ

ಕರ್ನಾಟಕದಲ್ಲಿ ದೂರವೈದ್ಯದ ಮೊದಲ ದೊಡ್ಡ ಪ್ರಯತ್ನ 2002ರಲ್ಲಿ ನಡೆಯಿತು. ಇಸ್ರೋ ಸಂಸ್ಥೆಯ ಉಪಗ್ರಹ ಸಂಪರ್ಕದಿಂದ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಮತ್ತು ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಅದಕ್ಕೂ ಎರಡು ವರ್ಷ ಮೊದಲು, 2000ದಲ್ಲಿ, ಆಂಧ್ರದ ಚಿತ್ತೂರು ಜಿಲ್ಲೆಯ ಅರಗೊಂಡ ಎಂಬ ಹಳ್ಳಿಯಲ್ಲಿ ಅಪೊಲೊ ಸಂಸ್ಥೆ ಇಂಥದೇ ಕೇಂದ್ರ ತೆರೆದಿತ್ತು.

ಇಲ್ಲಿ ಒಂದು ಅಂಶವನ್ನು ಗಮನಿಸಿ. ನಮ್ಮ ರಾಜ್ಯದ ಪ್ರಯತ್ನ ಹೃದಯದಿಂದ ಆರಂಭವಾಯಿತು. ಹೃದಯದ ತೊಂದರೆಯನ್ನು ಹೇಳುವ ಇ.ಸಿ.ಜಿ. ಸ್ವತಃ ಒಂದು ವಿದ್ಯುತ್ ಸಂಕೇತ. ಅದನ್ನು ದೂರಕ್ಕೆ ಕಳುಹಿಸುವುದು ಸುಲಭ, ಕಳುಹಿಸುವಾಗ ಅದು ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ. ದೂರದ ತಜ್ಞರು ಅದನ್ನು ಓದಿ 'ಹೃದಯಾಘಾತ, ಹೆಪ್ಪು ಕರಗಿಸುವ ಔಷಧ ಕೊಡಿ' ಎಂದರೆ ಇಲ್ಲಿನ ವೈದ್ಯರು ಚುಚ್ಚುಮದ್ದು ಕೊಡಬಲ್ಲರು. ಕಾಯಿಲೆಯ ಸುದ್ದಿಯೂ ತಂತಿಯ ಮೇಲೆ ಹೋಗುತ್ತದೆ, ಚಿಕಿತ್ಸೆಯ ಆಜ್ಞೆಯೂ ತಂತಿಯ ಮೇಲೆ ಬರುತ್ತದೆ. ಉಳಿದದ್ದು ಒಂದು ಸೀಸೆ ಮತ್ತು ಒಂದು ಸೂಜಿ.

ಮೂಳೆಯ ವಿಷಯ ಹಾಗಲ್ಲ. ಇಲ್ಲಿ ರೋಗ ಎಂಬುದು ಯಂತ್ರಶಾಸ್ತ್ರದ ಸಮಸ್ಯೆ. ತುಂಡಾದ ಒಂದು ಸನ್ನೆಕೋಲನ್ನು ಮತ್ತೆ ನೇರವಾಗಿಸಿ, ಅದು ಕೂಡುವ ತನಕ ಅಲುಗದಂತೆ ಹಿಡಿದಿಡಬೇಕು. ಅದಕ್ಕೆ ಎಳೆಯುವ ಕೈ, ಪ್ಲಾಸ್ಟರ್, ಕೆಲವೊಮ್ಮೆ ಅರಿವಳಿಕೆ, ಲೋಹದ ಸರಳು, ಶುದ್ಧವಾದ ಶಸ್ತ್ರಚಿಕಿತ್ಸಾ ಕೊಠಡಿ ಬೇಕು. ಹೃದಯಕ್ಕೆ ಒಪ್ಪಿದ ಮಾದರಿಯನ್ನೇ ಮೂಳೆಗೂ ಹಾಸಿದರೆ ಏನಾಗುತ್ತದೆ ಎಂದು ಕೇಳದೆ ಮುಂದುವರಿದದ್ದು ನಮ್ಮ ದೂರವೈದ್ಯದ ಮೊದಲ ದೋಷ.

ಚಿತ್ರದಲ್ಲಿ ಏನು ಬರುತ್ತದೆ?

ಮೊದಲು ತಂತ್ರಜ್ಞಾನದ ಪರವಾಗಿ ಮಾತನಾಡೋಣ. ಎದೆಯ ಕ್ಷ-ಕಿರಣ ಚಿತ್ರದ ದೊಡ್ಡ ಹಾಳೆ 35 ಸೆಂಟಿಮೀಟರ್ ಅಗಲ, 43 ಸೆಂಟಿಮೀಟರ್ ಉದ್ದ. ದೂರದಿಂದ ಓದಲು ಯೋಗ್ಯವಾಗಬೇಕಾದರೆ ಒಂದು ಮಿಲಿಮೀಟರಿನಲ್ಲಿ ಎರಡೂವರೆ ಜೊತೆ ಗೆರೆಗಳು ಬೇರೆಬೇರೆಯಾಗಿ ಕಾಣಬೇಕು ಎಂಬುದು ವಿಕಿರಣ ತಜ್ಞರು ಬಹುಕಾಲ ಬಳಸಿದ ಅಳತೆ. ಅಂದರೆ ಮಿಲಿಮೀಟರಿಗೆ ಐದು ಚುಕ್ಕೆ. ಲೆಕ್ಕ ಹಾಕಿ: 1750 ಚುಕ್ಕೆ ಅಗಲ, 2150 ಚುಕ್ಕೆ ಉದ್ದ. ಒಟ್ಟು ಸುಮಾರು 37.6 ಲಕ್ಷ ಚುಕ್ಕೆ. ಪ್ರತಿ ಚುಕ್ಕೆಗೆ ಎರಡು ಬೈಟ್ ಎಂದರೆ ಸುಮಾರು 7.5 ಮೆಗಾಬೈಟ್.

ಸೆಕೆಂಡಿಗೆ 384 ಕಿಲೋಬಿಟ್ ವೇಗದ ಉಪಗ್ರಹ ಸಂಪರ್ಕದಲ್ಲಿ ಈ ಚಿತ್ರ ಹೋಗಲು ಎರಡೂವರೆ ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಸೆಕೆಂಡಿಗೆ 40 ಕಿಲೋಬಿಟ್ ಕೊಡುವ ಹಳೆಯ ಮೊಬೈಲ್ ಜಾಲದಲ್ಲಿ 25 ನಿಮಿಷ. ಈ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಬಹುದು. ಒಂದು ಬೈಟ್ ಎಂದರೆ ಎಂಟು ಬಿಟ್ ಎಂಬುದನ್ನು ಮರೆಯದಿದ್ದರೆ ಸಾಕು. ಇವತ್ತಿನ ವೇಗದ ಜಾಲದಲ್ಲಿ ಇದು ಕ್ಷಣದ ಮಾತು. ಅಂದರೆ ಸಾಗಣೆ ಇಂದು ದೊಡ್ಡ ಸಮಸ್ಯೆಯಲ್ಲ.

ಆದರೆ ತಾಲ್ಲೂಕು ಕೇಂದ್ರಗಳಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಹಾಳೆಯನ್ನು ಬೆಳಕಿನ ಪೆಟ್ಟಿಗೆಗೋ ಕಿಟಕಿಗೋ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ಸಂದೇಶವಾಗಿ ಕಳುಹಿಸುತ್ತಾರೆ. ಸಂದೇಶ ತಂತ್ರಾಂಶ ಆ ಚಿತ್ರವನ್ನು ಕುಗ್ಗಿಸುತ್ತದೆ. ಹತ್ತು ಬಿಟ್‌ನ ಚಿತ್ರದಲ್ಲಿ 1024 ಬೂದುಛಾಯೆಗಳಿರಬಹುದು, ಎಂಟು ಬಿಟ್‌ನ ಫೋಟೋದಲ್ಲಿ 256 ಮಾತ್ರ. ತೊಡೆಯ ಮೂಳೆ ಎರಡು ತುಂಡಾಗಿ ಒಂದರ ಪಕ್ಕ ಒಂದು ನಿಂತಿದ್ದರೆ ಈ ನಷ್ಟದಿಂದ ಏನೂ ಆಗದು, ಅದು ಕುರುಡನಿಗೂ ಕಾಣುವಂಥದು. ಆದರೆ ಮಗುವಿನ ಮೊಣಕೈಯಲ್ಲಿ ಜಾರದ ಸಣ್ಣ ಬಿರುಕಿದ್ದಾಗ ಮೂಳೆಯ ಗೆರೆ ಕಾಣುವುದಿಲ್ಲ. ಅದರ ಹಿಂದಿರುವ ಕೊಬ್ಬಿನ ಪದರ ತುಸು ಮೇಲೆದ್ದು ತೆಳುವಾದ ನೆರಳಾಗಿ ಕಾಣುತ್ತದೆ. ಫೋಟೋದಲ್ಲಿ ಮೊದಲು ಸಾಯುವುದು ಇಂಥ ನೆರಳೇ.

ಇನ್ನೊಂದು ದೋಷಕ್ಕೆ ತಂತ್ರಜ್ಞಾನವನ್ನು ದೂರುವಂತಿಲ್ಲ. ಒಂದು ಪೆನ್ಸಿಲನ್ನು ಮುರಿದು, ತುಂಡುಗಳು ಕೋನವಾಗಿ ನಿಲ್ಲುವಂತೆ ಮೇಣದಿಂದ ಅಂಟಿಸಿ. ಬಿಸಿಲಲ್ಲಿ ಅದರ ನೆರಳನ್ನು ಗೋಡೆಯ ಮೇಲೆ ಬೀಳಿಸಿ. ಒಂದು ದಿಕ್ಕಿನಿಂದ ನೆರಳು ಡೊಂಕಾಗಿ ಕಾಣುತ್ತದೆ. ಪೆನ್ಸಿಲನ್ನು ಕಾಲು ಸುತ್ತು ತಿರುಗಿಸಿ, ನೆರಳು ನೇರ! ಕ್ಷ-ಕಿರಣ ಚಿತ್ರವೂ ನೆರಳೇ. ಆದ್ದರಿಂದಲೇ ಮೂಳೆ ವೈದ್ಯರು ಪರಸ್ಪರ ಲಂಬವಾದ ಎರಡು ದಿಕ್ಕಿನ ಚಿತ್ರ ಕೇಳುತ್ತಾರೆ. ಮುರಿತದ ಮೇಲಿನ ಮತ್ತು ಕೆಳಗಿನ ಎರಡು ಕೀಲುಗಳೂ ಚಿತ್ರದಲ್ಲಿರಬೇಕು ಎನ್ನುತ್ತಾರೆ. ಒಂದೇ ದಿಕ್ಕಿನ ಚಿತ್ರ ಕಳುಹಿಸಿದರೆ ಜಗತ್ತಿನ ಅತ್ಯುತ್ತಮ ತಜ್ಞನೂ ತಪ್ಪು ಹೇಳಬಲ್ಲ. ಸಲಹೆಯ ಗುಣ ಪ್ರಶ್ನೆಯ ಗುಣಕ್ಕಿಂತ ಮೇಲೇರದು.

ಒಂದು ಮಾತು ಕೈ ಉಳಿಸಿದಾಗ

ಈಗ ನಮ್ಮ ಹುಡುಗನ ಬಳಿಗೆ ಮರಳೋಣ. ಅವನಿಗೆ ಆಗಿರುವುದು ಬಹುಶಃ ತೋಳಿನ ಮೂಳೆಯ ಕೆಳತುದಿಯ ಮುರಿತ. ಮಕ್ಕಳ ಮೊಣಕೈಯಲ್ಲಿ ಅತಿ ಸಾಮಾನ್ಯವಾದ ಮುರಿತ ಇದು. ಮುರಿದ ತುದಿಯ ಮುಂದೆಯೇ ಕೈಗೆ ರಕ್ತ ಒಯ್ಯುವ ಮುಖ್ಯ ಧಮನಿ ಹಾದುಹೋಗುತ್ತದೆ. ಮೂಳೆಯ ತುದಿ ಅದನ್ನು ಒತ್ತಬಹುದು. ಬಾವು ಏರುತ್ತಿರುವಾಗ ಹೊರಗಿನಿಂದ ಬಿಗಿಯಾದ ಕಟ್ಟು ಇದ್ದರೆ ಒಳಗಿನ ಒತ್ತಡ ಇನ್ನೂ ಏರುತ್ತದೆ. ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಸುಮಾರು ಆರು ಗಂಟೆ ಮೀರಿದರೆ ಸತ್ತ ಸ್ನಾಯು ಮತ್ತೆ ಬದುಕದು. ಮುಂದೆ ಅದು ನಾರಾಗಿ ಕುಗ್ಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಶಾಶ್ವತವಾಗಿ ಮಡಿಚಿಕೊಳ್ಳುತ್ತವೆ. ಜರ್ಮನಿಯ ಶಸ್ತ್ರವೈದ್ಯ ರಿಚರ್ಡ್ ಫಾನ್ ವೋಲ್ಕ್‌ಮನ್ 1881ರಲ್ಲಿ ಇದನ್ನು ವಿವರಿಸಿದ. ಬಿಗಿಯಾದ ಕಟ್ಟನ್ನೇ ಅವನು ಮುಖ್ಯ ಆರೋಪಿಯಾಗಿ ಹೆಸರಿಸಿದ. ನೂರನಲವತ್ತಕ್ಕೂ ಹೆಚ್ಚು ವರ್ಷಗಳ ನಂತರವೂ ನಮ್ಮ ಹಳ್ಳಿಗಳಲ್ಲಿ ಬಿದಿರ ದಬ್ಬೆಯ ಬಿಗಿ ಕಟ್ಟಿನಿಂದ ಕೈ ಕಳೆದುಕೊಳ್ಳುವ ಮಕ್ಕಳಿದ್ದಾರೆ.

ಇಂಥ ಸಮಯದಲ್ಲಿ ಗುಡ್ಡದ ಮೇಲೆ ಹತ್ತಿ ಮಾಡಿದ ಒಂದು ಕರೆ ಏನು ಮಾಡಬಲ್ಲುದು ಎಂದು ನೋಡಿ. ಆಚೆಯ ವೈದ್ಯರು ಕೇಳಬೇಕಾದದ್ದು ಕ್ಷ-ಕಿರಣ ಚಿತ್ರವನ್ನಲ್ಲ. ಅವರು ಕೇಳಬೇಕಾದ ಪ್ರಶ್ನೆಗಳು ಇವು: ಬೆರಳುಗಳು ಬೆಚ್ಚಗಿವೆಯೇ? ಉಗುರನ್ನು ಒತ್ತಿ ಬಿಟ್ಟರೆ ಕೆಂಪು ಮರಳುತ್ತದೆಯೇ? ಮಣಿಕಟ್ಟಿನಲ್ಲಿ ನಾಡಿ ಸಿಗುತ್ತದೆಯೇ? ಹೆಬ್ಬೆರಳು ಮತ್ತು ತೋರುಬೆರಳಿನ ತುದಿ ಕೂಡಿಸಿ ಉಂಗುರ ಮಾಡಬಲ್ಲನೇ? ಬೆರಳನ್ನು ಮೆಲ್ಲಗೆ ನೀಡಿದರೆ ಕಿರುಚುತ್ತಾನೆಯೇ? ಉತ್ತರಗಳು ಕೆಟ್ಟದಾಗಿದ್ದರೆ ಅವರು ಹೇಳಬೇಕಾದದ್ದು ಒಂದೇ ಮಾತು: ಕಟ್ಟು ಪೂರ್ತಿ ಬಿಚ್ಚಿ, ಮೊಣಕೈಯನ್ನು ಹೆಚ್ಚು ಮಡಿಸದೆ ಸಡಿಲವಾಗಿ ಆಸರೆ ಕೊಡಿ, ಈಗಲೇ ಹೊರಡಿ.

ಇದಕ್ಕೆ ಉಪಗ್ರಹ ಬೇಡ, ಮೆಗಾಬೈಟುಗಳೂ ಬೇಡ. 'ಮಾತಿನಿಂದ ಮೂಳೆ ಕೂಡದು' ಎನ್ನುವವರಿಗೆ ಇದೇ ಉತ್ತರ. ಮೂಳೆ ಕೂಡದಿರಬಹುದು, ಕೈ ಉಳಿಯುತ್ತದೆ. ಆದರೆ ಇನ್ನೊಂದನ್ನೂ ಗಮನಿಸಿ. ಬೆರಳಿನ ಬಿಸಿ, ನಾಡಿ, ನೋವು ಇವು ಮೂರನ್ನೂ ಯಾವ ಕ್ಯಾಮೆರಾವೂ ಒಯ್ಯದು. ಈಚೆ ಒಬ್ಬರು ಮುಟ್ಟಿ ನೋಡಿ ಸರಿಯಾಗಿ ಹೇಳಬೇಕು. ಕಾಡಿನ ಅಂಚಿನ ಹಲವು ಮನೆಗಳ ಮಾತು ಮರಾಠಿ. ಆಚೆ ಕನ್ನಡವೋ ಇಂಗ್ಲಿಷೋ ಮಾತ್ರ ಬಲ್ಲವರಿದ್ದರೆ ಆ ಐದು ಪ್ರಶ್ನೆಗಳು ದಾರಿಯಲ್ಲೇ ಸೋರಿಹೋಗುತ್ತವೆ. ದೂರವೈದ್ಯದ ಯೋಜನೆಗಳಲ್ಲಿ ಯಂತ್ರಗಳ ಪಟ್ಟಿ ಉದ್ದವಾಗಿರುತ್ತದೆ. ಎರಡೂ ಭಾಷೆ ಬಲ್ಲ, ನಾಡಿ ಹಿಡಿಯಲು ಕಲಿತ ಆರೋಗ್ಯ ಕಾರ್ಯಕರ್ತೆಯ ಹೆಸರು ಆ ಪಟ್ಟಿಯಲ್ಲಿ ಮೊದಲು ಬರಬೇಕಿತ್ತು.

ಮಾತು ಸಾಲದಾದಾಗ

ಬೇರೆ ಸಂದರ್ಭ ನೋಡೋಣ. ಬೆಳಗಾವಿಯಿಂದ ಖಾನಾಪುರ, ಲೋಂಡಾ ದಾಟಿ ಗೋವೆಗೆ ಹೋಗುವ ಹೆದ್ದಾರಿಯಲ್ಲಿ ಅಪಘಾತ. ಬೈಕ್ ಸವಾರನ ಮೊಣಕಾಲ ಕೆಳಗಿನ ಮೂಳೆ ಮುರಿದು ಚರ್ಮ ಸೀಳಿ ಹೊರಬಂದಿದೆ. ಇದು ತೆರೆದ ಮುರಿತ. ಮಣ್ಣು, ಬಟ್ಟೆಯ ಎಳೆ, ರೋಗಾಣುಗಳು ಗಾಯದೊಳಗೆ ಹೋಗಿವೆ.

ಜಾಗತಿಕ ಶಸ್ತ್ರಚಿಕಿತ್ಸೆಯ ಕುರಿತು 'ಲ್ಯಾನ್ಸೆಟ್' ಪತ್ರಿಕೆ ನೇಮಿಸಿದ ಆಯೋಗ 2015ರಲ್ಲಿ ವರದಿ ನೀಡಿತು. ಜಗತ್ತಿನ ಸುಮಾರು 500 ಕೋಟಿ ಜನರಿಗೆ ಸುರಕ್ಷಿತವಾದ, ಕೈಗೆಟಕುವ ಶಸ್ತ್ರಚಿಕಿತ್ಸೆ ಸಿಗುತ್ತಿಲ್ಲ ಎಂದಿತು. ಒಂದು ಆಸ್ಪತ್ರೆಯ ಯೋಗ್ಯತೆ ಅಳೆಯಲು ಮೂರು ಚಿಕಿತ್ಸೆಗಳನ್ನು ಅದು ಹೆಸರಿಸಿತು: ಹೊಟ್ಟೆಯ ಶಸ್ತ್ರಚಿಕಿತ್ಸೆ, ಸಿಸೇರಿಯನ್ ಹೆರಿಗೆ ಮತ್ತು ತೆರೆದ ಮುರಿತದ ಚಿಕಿತ್ಸೆ. ಇವು ಮೂರೂ ಎರಡು ಗಂಟೆಯ ಪ್ರಯಾಣದೊಳಗೆ ಸಿಗಬೇಕು ಎಂಬುದು ಅದರ ಗುರಿ.

ತೆರೆದ ಮುರಿತಕ್ಕೆ ದೂರದ ತಜ್ಞರು ಏನು ಹೇಳಬಲ್ಲರು? ಹೊರಬಂದ ಮೂಳೆಯನ್ನು ಒಳಗೆ ತಳ್ಳಬೇಡಿ, ಶುದ್ಧವಾದ ಒದ್ದೆ ಬಟ್ಟೆಯಿಂದ ಗಾಯ ಮುಚ್ಚಿ, ಕಾಲಿಗೆ ಆಸರೆ ಕಟ್ಟಿ, ಪ್ರತಿಜೀವಕವನ್ನು ಸಾಧ್ಯವಾದರೆ ಒಂದು ಗಂಟೆಯೊಳಗೆ ಕೊಡಿ, ಧನುರ್ವಾಯುವಿನ ಚುಚ್ಚುಮದ್ದು ಮರೆಯಬೇಡಿ. ಇವೆಲ್ಲ ಬೆಲೆಯುಳ್ಳ ಮಾತುಗಳೇ. ಆದರೆ ಮುಖ್ಯ ಚಿಕಿತ್ಸೆ ಎಂದರೆ ಅರಿವಳಿಕೆ ಕೊಟ್ಟು, ಗಾಯ ಬಿಡಿಸಿ, ಸತ್ತ ಭಾಗ ಕತ್ತರಿಸಿ ತೆಗೆದು, ಲೀಟರುಗಟ್ಟಲೆ ದ್ರವದಿಂದ ತೊಳೆದು, ಮೂಳೆಯನ್ನು ಸ್ಥಿರಗೊಳಿಸುವುದು. ಇದು ಯಾವ ತಂತಿಯ ಮೇಲೂ ಬರದು.

ಕಾಲನ್ನು ಉಳಿಸಬೇಕೆ, ತೆಗೆಯಬೇಕೆ ಎಂಬ ನಿರ್ಧಾರವೂ ಅಷ್ಟೇ. ಕೊಯಮತ್ತೂರಿನ ಗಂಗಾ ಆಸ್ಪತ್ರೆಯ ಡಾ. ಎಸ್. ರಾಜಶೇಖರನ್ ಮತ್ತು ಸಂಗಡಿಗರು 2006ರಲ್ಲಿ ಇದಕ್ಕೊಂದು ಅಂಕಪದ್ಧತಿಯನ್ನು ಪ್ರಕಟಿಸಿದರು. ಚರ್ಮ, ಮೂಳೆ, ಸ್ನಾಯು-ನರಗಳು, ಇವಕ್ಕೆ ಒಂದರಿಂದ ಐದರವರೆಗೆ ಅಂಕ. ಜೊತೆಗೆ ರೋಗಿಯ ಇತರ ತೊಂದರೆಗಳಿಗೂ ಅಂಕ. ಒಟ್ಟು 14 ಅಥವಾ ಕಡಿಮೆ ಇದ್ದರೆ ಕಾಲು ಉಳಿಸಲು ಪ್ರಯತ್ನ, 17 ಅಥವಾ ಹೆಚ್ಚಿದ್ದರೆ ತೆಗೆಯುವುದು ಲೇಸು, ನಡುವಿನದು ಅನುಭವಿಗಳ ತೀರ್ಮಾನಕ್ಕೆ. ನಮ್ಮ ದೇಶದ ಗಾಯಗಳನ್ನು ನೋಡಿ ರೂಪಿಸಿದ ಒಳ್ಳೆಯ ಅಳತೆಗೋಲು ಇದು. ಆದರೆ ಅಂಕ ಹಾಕಬೇಕಾದದ್ದು ಗಾಯ ತೊಳೆದು ಸ್ವಚ್ಛ ಮಾಡಿದ ನಂತರ! ರಕ್ತ ಮೆತ್ತಿದ ಕಾಲಿನ ಫೋಟೋ ನೋಡಿ ದೂರದಿಂದ ಅಂಕ ಕೊಡುವುದು ಉತ್ತರಪತ್ರಿಕೆ ತೆರೆಯದೆ ಮೌಲ್ಯಮಾಪನ ಮಾಡಿದಂತೆ.

ಭಾರತದ ದೂರವೈದ್ಯ ಮಾರ್ಗಸೂಚಿ 2020ರ ಮಾರ್ಚ್ 25ರಂದು ಪ್ರಕಟವಾಯಿತು. ದೂರದಿಂದ ಶಸ್ತ್ರಚಿಕಿತ್ಸೆ ನಡೆಸುವುದನ್ನು ಅದು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ಒಬ್ಬ ವೈದ್ಯರು ಇನ್ನೊಬ್ಬರ ಸಲಹೆ ಕೇಳಿದಾಗ, ಕೇಳಿದವರೇ ಚಿಕಿತ್ಸೆ ಕೊಡುವ ವೈದ್ಯರಾಗಿ ಉಳಿಯುತ್ತಾರೆ, ಹೊಣೆಯೂ ಅವರದೇ ಎಂದಿತು. ನ್ಯಾಯವಾದ ನಿಯಮವೇ. ಆದರೆ ತಾಲ್ಲೂಕಿನ ತರುಣ ವೈದ್ಯರ ದೃಷ್ಟಿಯಿಂದ ನೋಡಿ. ಸಲಹೆ ಬರುತ್ತದೆ, ಸಾಧನ ಬರುವುದಿಲ್ಲ, ಹೊಣೆ ಇಲ್ಲೇ ಉಳಿಯುತ್ತದೆ. ಆಗ ಅವರು ಏನು ಮಾಡುತ್ತಾರೆ? 'ಬೆಳಗಾವಿಗೆ ಕರೆದೊಯ್ಯಿರಿ' ಎಂದು ಚೀಟಿ ಬರೆಯುತ್ತಾರೆ. ಅದನ್ನು ಅವರು ಸಲಹೆ ಇಲ್ಲದೆಯೂ ಬರೆಯುತ್ತಿದ್ದರು.

ಎರಡು ಮಾದರಿಗಳು

ಹಾಗಾದರೆ ಮೂಳೆ ಚಿಕಿತ್ಸೆಯಲ್ಲಿ ದೂರದ ಸಲಹೆ ಫಲಿಸಿದ್ದೇ ಇಲ್ಲವೆ? ಫಲಿಸಿದೆ. ಎರಡು ಉದಾಹರಣೆ ನೋಡಿ.

ಮೊದಲನೆಯದು ಬಾಂಗ್ಲಾದೇಶದ್ದು. ಢಾಕಾ ಬಳಿಯ ಸಾವರ್‌ನಲ್ಲಿ ಪಾರ್ಶ್ವವಾಯು ಪೀಡಿತರ ಪುನರ್ವಸತಿ ಕೇಂದ್ರವಿದೆ. ಬ್ರಿಟನ್ನಿನ ಸ್ವಿನ್‌ಫೆನ್ ದತ್ತಿಸಂಸ್ಥೆ 1999ರಲ್ಲಿ ಅಲ್ಲಿಗೆ ಕೊಟ್ಟದ್ದು ಒಂದು ಡಿಜಿಟಲ್ ಕ್ಯಾಮೆರಾ ಮತ್ತು ಮಿಂಚಂಚೆಯ ಸಂಪರ್ಕ. ಮೊದಲ ವರ್ಷ 27 ರೋಗಿಗಳ ವಿವರ ಹೋಯಿತು. ಹೆಚ್ಚಿನವು ನರ ಮತ್ತು ಮೂಳೆಯ ತೊಂದರೆಗಳು. ನೂರಕ್ಕೆ 70ರಷ್ಟು ಪ್ರಶ್ನೆಗಳಿಗೆ ಒಂದೇ ದಿನದಲ್ಲಿ, ಎಲ್ಲಕ್ಕೂ ಮೂರು ದಿನದೊಳಗೆ ಮೊದಲ ಉತ್ತರ ಬಂತು. 24 ಪ್ರಕರಣಗಳಲ್ಲಿ ಸಲಹೆ ಉಪಯೋಗವಾಯಿತು ಎಂದು ವರದಿಯಾಯಿತು. ನಾಲ್ವರಿಗೆ ವಿದೇಶಕ್ಕೆ ಹೋಗುವ ಖರ್ಚು ತಪ್ಪಿತು.

ಇಲ್ಲಿ ಕಲಿಯಬೇಕಾದದ್ದೇನು? ಪರದೆಯ ಮೇಲೆ ಮುಖಾಮುಖಿ ಮಾತುಕತೆ ಬೇಕಿರಲಿಲ್ಲ. ಪ್ರಶ್ನೆಯನ್ನು ಯೋಚಿಸಿ ಬರೆದು, ಚಿತ್ರ ಸೇರಿಸಿ, ಕಾದು ಉತ್ತರ ಪಡೆದರು. ಅಗ್ಗದ ಈ ವಿಧಾನ ನಿಧಾನವಾದ ತೊಂದರೆಗಳಿಗೆ ಸರಿಯಾಗಿ ಒಪ್ಪುತ್ತದೆ: ಕೂಡದ ಮುರಿತ, ಡೊಂಕಾಗಿ ಕೂಡಿದ ಮೂಳೆ, ಹುಟ್ಟಿನಿಂದ ಸೊಟ್ಟಗಿರುವ ಪಾದ. ಆದರೆ ವರ್ಷಕ್ಕೆ 27 ರೋಗಿಗಳು ಎಂಬುದನ್ನೂ ಮರೆಯಬಾರದು. ಅಲ್ಲಿ ನುರಿತ ಕೈಗಳು, ಹಾಸಿಗೆಗಳು ಮೊದಲೇ ಇದ್ದವು. ಮಿಂಚಂಚೆ ಒಂದು ನಡೆಯುತ್ತಿರುವ ಕೇಂದ್ರಕ್ಕೆ ನೆರವಾಯಿತು, ಇಲ್ಲದ ಕೇಂದ್ರವನ್ನು ಸೃಷ್ಟಿಸಲಿಲ್ಲ.

ಎರಡನೆಯದು ಇನ್ನೂ ಸ್ವಾರಸ್ಯಕರ. ಅಮೆರಿಕದ ಮೂಳೆ ಶಸ್ತ್ರವೈದ್ಯ ಡಾ. ಲೂಯಿಸ್ ಜಿರ್ಕಲ್ 1999ರಲ್ಲಿ 'ಸೈನ್' ಎಂಬ ಸಂಸ್ಥೆ ಕಟ್ಟಿದರು. ತೊಡೆ ಅಥವಾ ಕಾಲಿನ ಉದ್ದ ಮೂಳೆ ಮುರಿದರೆ ಅದರ ಟೊಳ್ಳಿನೊಳಗೆ ಲೋಹದ ಸರಳು ತೂರಿಸಿ, ಎರಡೂ ತುದಿಗಳಲ್ಲಿ ತಿರುಪು ಹಾಕುವುದು ರೂಢಿ. ತಿರುಪಿನ ರಂಧ್ರ ಎಲ್ಲಿದೆ ಎಂದು ಹುಡುಕಲು ಶ್ರೀಮಂತ ಆಸ್ಪತ್ರೆಗಳಲ್ಲಿ ಚಲಿಸುವ ಕ್ಷ-ಕಿರಣ ಯಂತ್ರ ಬಳಸುತ್ತಾರೆ. ಆ ಯಂತ್ರವಿಲ್ಲದೆಯೇ, ಹೊರಗಿನ ಅಳತೆಪಟ್ಟಿಯ ನೆರವಿನಿಂದ ರಂಧ್ರ ಹುಡುಕಬಲ್ಲ ಸರಳನ್ನು ಜಿರ್ಕಲ್ ರೂಪಿಸಿದರು. ಬಡ ದೇಶಗಳ ಆಸ್ಪತ್ರೆಗಳಿಗೆ ಅದನ್ನು ಉಚಿತವಾಗಿ ಕೊಡುತ್ತಾರೆ. ಷರತ್ತು ಒಂದೇ: ಪ್ರತಿ ಶಸ್ತ್ರಚಿಕಿತ್ಸೆಯ ಮುಂಚಿನ ಮತ್ತು ನಂತರದ ಕ್ಷ-ಕಿರಣ ಚಿತ್ರಗಳನ್ನು ಸಂಸ್ಥೆಯ ಗಣಕ ಭಂಡಾರಕ್ಕೆ ಸೇರಿಸಬೇಕು. ಅನುಭವಿಗಳು ಅವನ್ನು ನೋಡಿ ಟೀಕೆ ಬರೆಯುತ್ತಾರೆ. ಬಳಸಿದ ಸರಳಿನ ಬದಲಿಗೆ ಹೊಸದು ಬರುತ್ತದೆ.

ನೋಡಿ, ಇಲ್ಲಿ ಸಲಹೆ ಒಂಟಿಯಾಗಿ ಬರಲಿಲ್ಲ. ಸಾಧನದೊಂದಿಗೆ ಬಂತು. ಒಂದು ಸಲ ಬಂದು ಹೋಗಲಿಲ್ಲ, ಫಲಿತಾಂಶವನ್ನು ನೋಡಿ ಮತ್ತೆ ಬಂತು. ರೋಗಿ ಗುಣವಾಗಿದ್ದಾನೆಯೇ ಎಂದು ತಿಳಿಯಲು ಇವರು ಕೇಳುವುದು ಒಂದು ಫೋಟೋ: ರೋಗಿ ಕುಕ್ಕರಗಾಲಿನಲ್ಲಿ ಕುಳಿತು ನಗುತ್ತಿರಬೇಕು! ಮೂಳೆ ಕೂಡಿದ್ದರೆ, ಕೀಲು ಮಡಿಯುತ್ತಿದ್ದರೆ, ನೋವಿಲ್ಲದಿದ್ದರೆ ಮಾತ್ರ ಹಾಗೆ ಕುಳಿತು ನಗಲು ಸಾಧ್ಯ. ಕೊರತೆಯೂ ಇದೆ. ಗುಣವಾದ ಮೇಲೆ ದೂರದ ಊರಿನಿಂದ ಮತ್ತೆ ಬರುವ ರೋಗಿಗಳು ಕಡಿಮೆ, ಆದ್ದರಿಂದ ಭಂಡಾರದ ಫಲಿತಾಂಶಗಳನ್ನು ಎಚ್ಚರದಿಂದ ಓದಬೇಕು. ಆದರೂ ಪ್ರಶ್ನೆ ಕೇಳಿದ ರೀತಿ ಸರಿಯಾಗಿದೆ.

ಬೆಳಗಾವಿಯದೇ ಒಂದು ಪಾಠ

ಪಾಠಕ್ಕಾಗಿ ನಾವು ಅಮೆರಿಕದವರೆಗೆ ಹೋಗಬೇಕಿರಲಿಲ್ಲ. ಮೂಳೆಗೆ ಸಂಬಂಧಿಸದಿದ್ದರೂ ನಮ್ಮ ವಾದಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗವೊಂದು ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲೇ ನಡೆದಿದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಮತ್ತು ಅಮೆರಿಕದ ಸಂಶೋಧಕರು 2002ರಿಂದ 2005ರವರೆಗೆ 1620 ಗರ್ಭಿಣಿಯರ ಮೇಲೆ ಇದನ್ನು ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವ ತಡೆಯಲು ಮೈಸೊಪ್ರೊಸ್ಟಾಲ್ ಎಂಬ ಮಾತ್ರೆಯನ್ನು ಕೊಟ್ಟವರು ತಜ್ಞರಲ್ಲ, ಹಳ್ಳಿಯ ಸಹಾಯಕ ದಾದಿಯರು. ಅರ್ಧದಷ್ಟು ಮಂದಿಗೆ ಔಷಧ, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ತಿಳಿಯದು. ರಕ್ತಸ್ರಾವ ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವ 1.2ರಿಂದ 0.2ಕ್ಕೆ ಇಳಿಯಿತು. ಫಲಿತಾಂಶ 2006ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಉಪಯೋಗಕ್ಕಾಗಿ ಔಷಧವನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಇಲ್ಲಿ ಎರಡು ಸಂಗತಿ ಮುಖ್ಯ. ಒಂದು, ರೋಗಿಯ ಬಳಿ ಇರುವವರ ಕೈಗೆ ಸರಳ ಸಾಧನ ಮತ್ತು ತರಬೇತಿ ಕೊಟ್ಟರೆ ಫಲ ದೊಡ್ಡದು. ಎರಡು, ಅದು ಫಲಿಸಿತು ಎಂಬುದನ್ನು ಘೋಷಣೆಯಿಂದಲ್ಲ, ಹೋಲಿಕೆಯಿಂದ ತೋರಿಸಿದರು. ಮೂಳೆ ಚಿಕಿತ್ಸೆಯಲ್ಲೂ ಇದಕ್ಕೆ ಸಮಾನವಾದದ್ದಿದೆ. ಸೊಟ್ಟ ಪಾದದ ಶಿಶುವಿಗೆ ವಾರವಾರ ಪ್ಲಾಸ್ಟರ್ ಬದಲಿಸಿ ಪಾದವನ್ನು ಮೆಲ್ಲಗೆ ತಿದ್ದುವ ಪೊನ್ಸೆಟಿ ವಿಧಾನವನ್ನು ಆಫ್ರಿಕದ ಮಲಾವಿಯಲ್ಲಿ ವೈದ್ಯ ಪದವಿ ಇಲ್ಲದ, ಆದರೆ ತರಬೇತಿ ಪಡೆದ ಮೂಳೆ ಸಹಾಯಕರು ಯಶಸ್ವಿಯಾಗಿ ನಡೆಸಿದ್ದಾರೆ. ಅಂಥವರು ಈಚೆ ಇದ್ದರೆ ಆಚೆಯ ತಜ್ಞರ ಒಂದು ಮಾತಿಗೆ ಹತ್ತು ಪಟ್ಟು ಬೆಲೆ ಬರುತ್ತದೆ.

ಲೆಕ್ಕ ಹಾಕುವುದು ಯಾವುದನ್ನು?

ಕೇಂದ್ರ ಸರ್ಕಾರದ 'ಇ-ಸಂಜೀವನಿ' ಸೇವೆ 2019ರಲ್ಲಿ ಆರಂಭವಾಯಿತು. ಕೋವಿಡ್ ಕಾಲದಲ್ಲಿ, 2020ರ ಏಪ್ರಿಲ್‌ನಲ್ಲಿ, ಮನೆಯಿಂದಲೇ ವೈದ್ಯರನ್ನು ಕಾಣುವ ವ್ಯವಸ್ಥೆಯೂ ಬಂತು. 2023ರ ಫೆಬ್ರವರಿಗೆ ಹತ್ತು ಕೋಟಿ ಸಮಾಲೋಚನೆ ದಾಟಿತೆಂದು ಪ್ರಕಟಿಸಲಾಯಿತು. ಇದು ಸಣ್ಣ ಸಾಧನೆಯಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಚರ್ಮರೋಗ ಇರುವವರಿಗೆ ಅದರಿಂದ ಬಸ್ಸಿನ ಖರ್ಚು, ದಿನದ ಕೂಲಿ ಉಳಿದಿದೆ.

ಆದರೆ ಹತ್ತು ಕೋಟಿ ಎಂಬುದು ಕರೆಗಳ ಲೆಕ್ಕ. ಗುಣವಾದವರ ಲೆಕ್ಕವಲ್ಲ. ಶಾಲೆಗೆ ಎಷ್ಟು ಪುಸ್ತಕ ಬಂದವು ಎಂದು ಎಣಿಸಿ ಮಕ್ಕಳು ಎಷ್ಟು ಕಲಿತರು ಎಂದು ಹೇಳಲು ಬರುತ್ತದೆಯೇ? ಶಿಕ್ಷಕರಾದ ನಿಮಗೆ ಇದನ್ನು ವಿವರಿಸಬೇಕಿಲ್ಲ. ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಬೇಕಾದ ತಜ್ಞರಲ್ಲಿ ನೂರಕ್ಕೆ ಸುಮಾರು 80ರಷ್ಟು ಕೊರತೆ ಇದೆ ಎಂದು 2021-22ರ ಕೇಂದ್ರ ಸರ್ಕಾರದ ಗ್ರಾಮೀಣ ಆರೋಗ್ಯ ಅಂಕಿ-ಅಂಶಗಳೇ ಹೇಳಿದವು. ಮೂಳೆ ತಜ್ಞರು ಆ ಕೇಂದ್ರಗಳ ಕಡ್ಡಾಯ ಪಟ್ಟಿಯಲ್ಲೇ ಇರಲಿಲ್ಲ. ಈ ಕೊರತೆಯನ್ನು ದೂರದ ಸಲಹೆ ತುಂಬುತ್ತಿದೆಯೇ, ಅಥವಾ ಮುಚ್ಚುತ್ತಿದೆಯೇ? ತುಂಬುವುದಕ್ಕೂ ಮುಚ್ಚುವುದಕ್ಕೂ ವ್ಯತ್ಯಾಸವಿದೆ.

ಯಾವುದೇ ದೂರವೈದ್ಯ ಯೋಜನೆಯ ಸುದ್ದಿ ಓದಿದಾಗ ನೀವು ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ. ಸಲಹೆ ಬಂದ ಮೇಲೆ ಅದನ್ನು ನೆರವೇರಿಸುವ ಕೈ ಮತ್ತು ಸಾಧನ ಈಚೆ ಇವೆಯೇ? ಸಲಹೆಯಿಂದ ಚಿಕಿತ್ಸೆ ನಿಜವಾಗಿ ಬದಲಾಯಿತೇ, ಅಥವಾ ಮೊದಲೇ ಬರೆಯುತ್ತಿದ್ದ ಚೀಟಿಯನ್ನೇ ಬರೆದರೇ? ಬೆಳಗಾವಿಗೆ ಕಳುಹಿಸಿದ ರೋಗಿ ತಲುಪಿದರೇ, ಎಷ್ಟು ಹೊತ್ತಿಗೆ? ಆರು ತಿಂಗಳ ನಂತರ ಅವರು ಕುಕ್ಕರಗಾಲಿನಲ್ಲಿ ಕೂರಬಲ್ಲರೇ?

ಮೂರನೆಯ ಪ್ರಶ್ನೆಯನ್ನು ಒತ್ತಿ ಹೇಳಬೇಕು. ರಾಜ್ಯದಲ್ಲಿ 108 ಆಂಬ್ಯುಲೆನ್ಸ್ ಸೇವೆ 2008ರ ನವೆಂಬರ್ 1ರಂದು ಆರಂಭವಾಯಿತು. ಬಯಲು ಸೀಮೆಯಲ್ಲಿ ಅದು ಎಷ್ಟೋ ಜೀವ ಉಳಿಸಿದೆ. ಆದರೆ ರಸ್ತೆಯೇ ಇಲ್ಲದ ಕಡೆ ಚಕ್ರವೇನು ಮಾಡೀತು? ಆಮಗಾಂವ ರಾಜ್ಯದ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲಿ ಒಂದು. 2024ರ ಜುಲೈ ಮಳೆಯಲ್ಲಿ ಅಲ್ಲಿನ ಅಸ್ವಸ್ಥ ಮಹಿಳೆಯೊಬ್ಬರನ್ನು ಊರವರು ಹೆಗಲ ಮೇಲೆ ಹೊತ್ತು ಕಾಡುದಾರಿ ದಾಟಿಸಿದ್ದು ಪತ್ರಿಕೆಗಳಲ್ಲಿ ಬಂತು. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಜನ ಇರುವಷ್ಟು ದಿನ ಒಂದು ಒಳ್ಳೆಯ ಡೋಲಿ, ನಾಲ್ಕು ತರಬೇತಾದ ಹೆಗಲು, ಹಳ್ಳ ದಾಟಲು ಒಂದು ಕಾಲುಸಂಕ, ಇವು ಮೂರೂ ದೂರವೈದ್ಯದ ಅಂಗಗಳೇ ಎಂದು ನಾವು ಎಣಿಸಬೇಕು.

ಶಾಲೆಯಲ್ಲಿ ಏನು ಮಾಡಬಹುದು?

ಬೀಳುವ ಮಕ್ಕಳಲ್ಲಿ ಬಹುಪಾಲು ನಮ್ಮ ನಿಮ್ಮ ಶಾಲೆಯವರು. ಆದ್ದರಿಂದ ಈಚೆಯ ಕೈಗಳಲ್ಲಿ ಶಿಕ್ಷಕರ ಕೈಯೂ ಒಂದು. ಕಾಗದದ ಹಲವು ಹಾಳೆಗಳನ್ನು ಸುತ್ತಿ ಗಟ್ಟಿ ಆಸರೆ ಮಾಡುವುದು, ಅದರ ಕೆಳಗೆ ಹತ್ತಿ ಅಥವಾ ಮೆತ್ತನೆಯ ಬಟ್ಟೆ ಇಡುವುದು, ಬೆರಳ ತುದಿಗಳನ್ನು ಕಾಣುವಂತೆ ಬಿಡುವುದು, ಅರ್ಧ ಗಂಟೆಗೊಮ್ಮೆ ಉಗುರು ಒತ್ತಿ ನೋಡುವುದು, ಇದಿಷ್ಟನ್ನು ಒಂದು ಅವಧಿಯಲ್ಲಿ ಕಲಿಸಬಹುದು. ಸನ್ನೆಕೋಲು ಮತ್ತು ಒತ್ತಡದ ಪಾಠಗಳಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು. ಮುರಿದ ಪೆನ್ಸಿಲಿನ ನೆರಳನ್ನೂ ಮರೆಯಬೇಡಿ. ಜೊತೆಗೆ ಒಂದು ನಿಯಮ: ಕಟ್ಟಿದ ಮೇಲೆ ನೋವು ಕಡಿಮೆಯಾಗಬೇಕು. ಹೆಚ್ಚಾದರೆ ಕಟ್ಟು ತಪ್ಪು, ಮಗು ಸುಳ್ಳು ಹೇಳುತ್ತಿಲ್ಲ.

ಆರಂಭದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಮೊಬೈಲ್ ಹುಡುಗನ ಕೈಯನ್ನು ಉಳಿಸಬಲ್ಲುದು, ಆದರೆ ಕೆಲವು ಗಂಟೆಗಳ ಮಟ್ಟಿಗೆ, ಅದೂ ಈಚೆ ಒಬ್ಬರು ಅವನ ಬೆರಳನ್ನು ಮುಟ್ಟಿ ನೋಡಿದರೆ. ಆ ಗಂಟೆಗಳೊಳಗೆ ಅವನು ಹಳ್ಳ ದಾಟಿ ಖಾನಾಪುರಕ್ಕೆ, ಅಲ್ಲಿಂದ ಮೂಳೆ ಕೂಡಿಸುವ ಕೈಗಳ ಬಳಿಗೆ ತಲುಪಬೇಕು. ತಂತಿಯ ಆಚೆಯ ತಜ್ಞರಿಗೆ ನಾವು ಕೃತಜ್ಞರಾಗಿರೋಣ. ಹಣ ಮತ್ತು ಗಮನವನ್ನು ಮಾತ್ರ ಮೊದಲು ಈಚೆಯ ತುದಿಗೆ ಕೊಡೋಣ.